ಅಕಾರ್ಡಿಯನ್ ನುಡಿಸುವ ಎಮಿಲ್ ಹ್ರುಸ್ಕಾ

ಶಾಯೆನ್, ವಾಯೋಮಿಂಗ್
10 ಮಾರ್ಚ್ 1974

ಪ್ರೀತಿಯ ಅಪ್ಪ,

ನಾನು ಚೆನ್ನಾಗಿದ್ದೇನೆ. ಅಮ್ಮನ ಮೊಣಕಾಲು ಹೇಗಿದೆ? ನಿನ್ನ ಕಾಗದ ಕ್ರಿಸ್‌ಮಸ್‌ಗೆ ಮುಂಚೆಯೇ ಬಂದಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಜಾಗ ಖಾಲಿಯಿದೆ, ಪೆನ್ಸಿಲ್ವೇನಿಯಾಕ್ಕೆ ವಾಪಸ್ ಬಾ ಅಂತ ನೀನು ಬರೆದಿದ್ದೆ. ಬರುತ್ತೇನೆ ಅನ್ನಲೂ ಆಗಲಿಲ್ಲ, ಬರಲ್ಲ ಅನ್ನಲೂ ಆಗಲಿಲ್ಲ. ಅದಕ್ಕೇ ಇಷ್ಟು ತಡ, ಬೈಕೋಬೇಡ. ಕುದುರೆ ಲಾಯದ ಕೆಲಸ ಬಿಟ್ಟು ಈಗ ಲಾರಿಗೆ ಸಾಮಾನು ತುಂಬುತ್ತಿದ್ದೇನೆ. ಅದೂ ಬೇಜಾರು ಬಂದಿದೆ.

ನಿನ್ನೆ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ. ಆ ಅಂಗಡಿಯ ಮುದುಕ ಆರ್ವಿಲ್ ಬೂಟಿನ ಡಬ್ಬದ ತುಂಬ, ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದ ಹಳೆಯ ಬೇಸ್‌ಬಾಲ್ ಕಾರ್ಡು ಇಟ್ಟಿದ್ದಾನೆ. ಆಟಗಾರನ ಫೋಟೋ ಅಂಗೈಯಲ್ಲಿ ಮುಚ್ಚಿ, ಹಿಂಬದಿಯ ವ್ಯಂಗ್ಯಚಿತ್ರದ ಕೆಳಗಿರುವ ಸಾಲನ್ನು ಮಾತ್ರ ಓದುತ್ತಾನೆ. ಯಾರೆಂದು ಹೇಳಿದವನು ಸರದಿ ಮುರಿದು ಮೊದಲು ಕುರ್ಚಿ ಹತ್ತಬಹುದು. ಒಬ್ಬನಿಗೆ ಕೋಳಿ ಕಂಡರೆ ಭಯ, ಇನ್ನೊಬ್ಬ ಮದುವೆ ದಿನವೂ ಮೀನು ಹಿಡಿಯಲು ಹೋಗಿದ್ದ. ನಗುತ್ತ ಕೂತಿದ್ದೆ. ಆಮೇಲೆ ಅವನು ಓದಿದ: "ಚಳಿಗಾಲವೆಲ್ಲ ಅಕಾರ್ಡಿಯನ್ ನುಡಿಸ್ತಾನೆ. ಯಾರಪ್ಪಾ ಇವನು?"

ಯಾರಿಗೂ ಗೊತ್ತಿಲ್ಲ. "ಎಮಿಲ್ ಹ್ರುಸ್ಕಾ" ಅಂದೆ.

ಆರ್ವಿಲ್ ಕಾರ್ಡು ತಿರುಗಿಸಿ ನೋಡಿದ. "ಲೋ ಹುಡುಗ, ಈ ಹೆಸರು ಅವನ ಹೆತ್ತವಳಿಗೂ ಮರೆತಿರುತ್ತೆ. ನಿಂಗೆ ಹೇಗೋ ಗೊತ್ತು?"

"ಅವಳಿಗೆ ಮರೆತಿಲ್ಲ. ಅವಳು ನನ್ನಜ್ಜಿ."

"ಹಾಗಾದ್ರೆ ನಿಮ್ಮಪ್ಪ ನಿಜವಾಗ್ಲೂ ನುಡಿಸ್ತಾನಾ?" ಅಂತ ಪಕ್ಕದವನು ಕೇಳಿದ.

"ನುಡಿಸ್ತಾನೆ. ಬೆಕ್ಕು ಮನೆ ಬಿಟ್ಟು ಓಡೋ ಹಾಗೆ."

ಅಂಗಡಿಯೆಲ್ಲ ನಕ್ಕಿತು. ಆರ್ವಿಲ್ ಆ ಕಾರ್ಡು ನನಗೇ ಕೊಟ್ಟುಬಿಟ್ಟ. ಇನ್ನೂ ಬಬಲ್‌ಗಮ್ಮಿನ ವಾಸನೆ ಇದೆ ಅಪ್ಪ. ಚಿತ್ರದಲ್ಲಿ ಅದೇ ಗಿಡ್ಡ ಕಾಲು, ಅದೇ ಬದನೆಕಾಯಿ ಮೂಗು, ನಿನ್ನ ಸಂಗೀತ ಕೇಳಿ ಹಿಮದಲ್ಲಿ ಮೂರ್ಛೆ ಬಿದ್ದ ಅಳಿಲು. ನಾನು ಓದಲು ಕಲಿತದ್ದೇ ಈ ಸಾಲಿನಲ್ಲಿ.

ಚಿತ್ರ ಬರೆದವನಿಗೆ ನಿನ್ನ ಬಗ್ಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಒಂದು ಅಕಾರ್ಡಿಯನ್ ಕೊರಳಿಗೆ ಹಾಕಿಬಿಟ್ಟ. ನೀನೋ ಅಲ್ಲಿಯವರೆಗೆ ಅದನ್ನು ಮುಟ್ಟಿದವನೇ ಅಲ್ಲ. ಆದರೆ ನಮ್ಮ ಬೀದಿಯವರು ಬಿಡಬೇಕಲ್ಲ. ಪಕ್ಕದ ಮನೆಯ ಬಾಬಿಚ್ ಅಜ್ಜಿ ಬಾಗಿಲಲ್ಲೇ ನಿಂತು, "ಅಚ್ಚಾಗಿದೆ ಕಣೋ ಎಮಿಲ್, ಅಚ್ಚು ಹಾಕಿದೋರು ಸುಳ್ಳು ಹೇಳ್ತಾರಾ? ನಮ್ಮ ಹುಡುಗಿ ಮದುವೆಗೆ ನುಡಿಸೋಕೆ ನಿಂಗೆ ಜಂಬ" ಅಂದಳಂತೆ. ಇಲ್ಲ ಇಲ್ಲ ಎಂದು ಹೇಳಿ ಸಾಕಾಗಿ ನೀನು ಒಂದು ಹಳೆಯ ಅಕಾರ್ಡಿಯನ್ ತಂದು ಕಲಿತೆ. ಕಲಿತದ್ದು ಪೋಲ್ಕಾ ಅನ್ನುವ ಕುಣಿತದ ಒಂದೇ ಒಂದು ರಾಗ, ಅದೂ ನಡುವೆ ಒಂದು ಕಡೆ ಯಾವಾಗಲೂ ಎಡವುತ್ತೀಯ. ಚಿಕ್ಕವನಿದ್ದಾಗ ಆ ಎಡವು ಬರುವವರೆಗೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅಮ್ಮನ ಕೈಯ ಎಲೆಕೋಸಿನ ಹಲುಷ್ಕಿ ತಿನ್ನಬೇಕು ಅನ್ನಿಸುತ್ತಿದೆ. ಅಜ್ಜಿಗೆ ಒಂದು ಮುತ್ತು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಮಗ,
ರೂಡಿ

ಮರೆತ ಮಾತು: ಅಳಿಲಿನ ಕೆಳಗೆ ಇನ್ನೊಂದು ಸಾಲಿದೆ. "ಮುಂದಿನ ಬೇಸಿಗೆ ಇವನ ಮೇಲೆ ಕಣ್ಣಿಡಿ." ಆ ಬೇಸಿಗೆ ನೀನು ಆಡಲಿಲ್ಲ, ನಿನ್ನ ಇನ್ನೊಂದು ಕಾರ್ಡು ಬರಲಿಲ್ಲ. ನಾನು ಹತ್ತನೇ ಕ್ಲಾಸು ಬಿಟ್ಟ ದಿನ ಅಮ್ಮ ಸಿಟ್ಟಿನಲ್ಲಿ ಅಂದಳು: "ನಿನ್ನ ಹೆತ್ತು ನಾನು ಹಾಸಿಗೆ ಹಿಡಿದೆ. ನಿನ್ನ ಎತ್ತಿಕೊಳ್ಳೋಕೆ ನಿಮ್ಮಪ್ಪ ಮೈದಾನ ಬಿಟ್ಟು ಬಂದ." ಅವತ್ತಿನಿಂದ ನಿನ್ನ ಎದುರು ಕೂತು ಊಟ ಮಾಡಲು ಆಗುತ್ತಿರಲಿಲ್ಲ ಅಪ್ಪ. ಅದಕ್ಕೇ ಊರು ಬಿಟ್ಟೆ, ಕಾರ್ಖಾನೆಗೆ ಹೆದರಿ ಅಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನಿನಗೆ ಬರುವುದಿಲ್ಲ, ಗೊತ್ತು. ನನ್ನಿಂದ ಹಾಗಾಯಿತಲ್ಲ ಅನ್ನುವ ಬೇಸರ ನಿನಗಿಲ್ಲ ಅಂದರೆ ಫೋನಿಗೆ ಆ ಪೋಲ್ಕಾ ನುಡಿಸು. ಎಡವುವ ಕಡೆ ಎಡವು. ಅದು ಕೇಳಿಸಿದರೆ ಬಸ್ಸು ಹತ್ತುತ್ತೇನೆ.