ಹೊಸ ಇಗ್ನೈಟರ್ ಮುಟ್ಟುವ ಮುನ್ನ

ಅಪ್ಪ,

ಅಮ್ಮನನ್ನು ಆಸ್ಪತ್ರೆಯಿಂದ ಕರೆತರಲು ಹೊರಟಿದ್ದೇನೆ. ರಸ್ತೆಯ ತುಂಬ ಹಿಮ, ಬರುವಾಗ ಸಂಜೆಯಾದೀತು. ಅಷ್ಟರಲ್ಲಿ ಮನೆ ಬೆಚ್ಚಗಾಗಿರಬೇಕು. ನ್ಯುಮೋನಿಯಾದಿಂದ ಎದ್ದವಳನ್ನು ಈ ಚಳಿಯಲ್ಲಿ ಮಲಗಿಸಲಾಗದು.

ಮನೆ ಕಾಯಿಸುವ ಫರ್ನೇಸಿಗೆ ಬೆಂಕಿ ಹೊತ್ತಿಸುವ ಹೊಸ ಇಗ್ನೈಟರ್ ಬಟ್ಟೆ ಒಣಗಿಸುವ ಯಂತ್ರದ ಮೇಲಿದೆ. ಮೊದಲು ಕರೆಂಟು, ಗ್ಯಾಸು ಎರಡನ್ನೂ ನಿಲ್ಲಿಸು. ಹೋದ ವಾರ ಹಾಕಿದ್ದು ಕಳಪೆ ಮಾಲೇನಲ್ಲ. ಬಿರಿದ ಕೈಗೆ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಮೆತ್ತಿಕೊಂಡು ಅದನ್ನು ಹಿಡಿದವನು ನೀನು. ಜಿಡ್ಡು ತಾಗಿದ ಕಡೆಯೇ ಕಾದು ಬಿರುಕು ಬಿಟ್ಟಿತು. ಎಚ್ಚರಿಸಿದ್ದಕ್ಕೆ, "ಇಷ್ಟು ವರ್ಷ ಹಾಲು ಕರೆದ ಕೈ ಕಣೇ ಇದು, ಒಂದು ಕಡ್ಡಿ ಹಿಡಿಯಕ್ಕೆ ನಿನ್ನ ಕೇಳ್ಬೇಕಾ?" ಎಂದು ನನ್ನನ್ನೇ ಗದರಿದೆ.

ಈ ಸಲ ಸೋಪು ಹಾಕಿ ಕೈ ತೊಳೆದು, ಒರೆಸಿ, ಹತ್ತಿಯ ಗವಸು ತೊಡು. ಇಗ್ನೈಟರಿನ ಬೂದು ಬಣ್ಣದ ಕಡ್ಡಿಯನ್ನು ಮುಟ್ಟಲೇಬೇಡ, ಪಿಂಗಾಣಿಯ ಬುಡ ಹಿಡಿ. ನಾನೇ ಹಾಕಿ ಹೋಗಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಮ್ಮನಿಗೆ, "ಮನೆ ಬೆಚ್ಚಗೆ ಮಾಡಿಟ್ಟಿರ್ತೀನಿ ಬಾ, ಲೆಂಪಿ" ಅಂದದ್ದು ಕೇಳಿಸಿತು. ಹಾಗಾಗಿ ನಿನಗೇ ಬಿಟ್ಟೆ.

ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿ ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿ ತಿನ್ನು, ನಿಂತುಕೊಂಡು ತಣ್ಣಗಿನದನ್ನೇ ಕಚ್ಚಬೇಡ.

ಮಧ್ಯಾಹ್ನ ಫೋನ್ ಮಾಡು. ಫರ್ನೇಸ್ ಹೊತ್ತಿಕೊಳ್ಳದಿದ್ದರೆ ಅಮ್ಮನನ್ನು ಹೆಲ್ಮಿ ಅತ್ತೆಯ ಮನೆಗೆ ಕರೆದೊಯ್ಯುತ್ತೇನೆ. ನೀನೂ ಅಲ್ಲಿಗೇ ಬಾ. ಮುಖ ಊದಿಸಿಕೊಂಡು ಒಬ್ಬನೇ ಇಲ್ಲಿ ಕೂರಬೇಡ. ನಿನ್ನೆ ಅಮ್ಮ ನರ್ಸಿಗೆ ಹೇಳುತ್ತಿದ್ದಳು: "ನಮ್ಮನೆಯೋರ ಗೊರಕೆ ಕೇಳ್ದೆ ನಂಗೆ ನಿದ್ದೇನೇ ಹತ್ತಲ್ಲಮ್ಮ."

ಐಲಿ