ಅಡುಗೆಮನೆ ಗೋಡೆಯ ಮೇಲೆ ಆರ್ವೋ

ಕಿವೆಲಾ, ಮಿನ್ನೆಸೋಟ
14 ನವೆಂಬರ್ 1953

ಕಾಣದೆಯೇ ಮಗಳಂತಾಗಿರುವ ಲೊರೇನ್‌ಗೆ, ಐಲಿ ರೌಟಿಯೋಳ ಪ್ರೀತಿಯ ನೆನಪುಗಳು.

ನಿನ್ನ ಕಾಗದ ತಲುಪಿತು. ನಿನ್ನ ಅಮ್ಮ ಕಾರ್ನೀಲಿಯಾ ಕೊನೆಗಾಲದಲ್ಲಿ ಈ ಗಣಿ ಊರಿನಲ್ಲಿ ಯಾಕಿದ್ದಳು, ನಿನ್ನನ್ನು ನೆನೆಯುತ್ತಿದ್ದಳೇ ಎಂದು ಕೇಳಿದ್ದೀಯ. ಮೊದಲನೆಯದಕ್ಕೆ ಉತ್ತರ ಸುಲಭ.

ಯುದ್ಧಕ್ಕೆ ಮುಂಚೆ ನಮ್ಮ ಅಂಚೆ ಕಚೇರಿಯ ಗೋಡೆಗೆ ಚಿತ್ರ ಬರೆಯಲು ಸರ್ಕಾರ ಅವಳನ್ನು ಕಳಿಸಿತ್ತು. ಹೆಂಗಸೊಬ್ಬಳು ಪ್ಯಾಂಟ್ ತೊಟ್ಟು ಅಟ್ಟಣಿಗೆ ಹತ್ತುವುದನ್ನು ನೋಡಲು ಊರೇ ನೆರೆಯುತ್ತಿತ್ತು. ಗಣಿಯಿಂದ ಮೇಲೆ ಬರುವ ಕೆಲಸಗಾರರನ್ನು ಬರೆದಳು; ಎಲ್ಲರಿಗಿಂತ ಮುಂದೆ ನನ್ನ ಗಂಡ ಆರ್ವೋ. ಕೆಲಸ ಮುಗಿಸಿ ಕೆಮ್ಮಣ್ಣು ಮೆತ್ತಿದ ಮುಖದಲ್ಲೇ ಬಂದು ಅವಳೆದುರು ನಿಲ್ಲುತ್ತಿದ್ದ.

ಕೆಲವು ವರ್ಷಗಳ ಮೇಲೆ ಗಣಿ ಕುಸಿದು ಅವನು ಒಳಗೇ ಉಳಿದ. ಮದುವೆಯ ಫೋಟೋದಲ್ಲೂ ತಲೆ ತಗ್ಗಿಸಿದ್ದ ಮನುಷ್ಯ. ಅವನ ಮುಖ ನೋಡಬೇಕೆನಿಸಿದಾಗಲೆಲ್ಲ ಸ್ಟಾಂಪಿನ ನೆಪ ಮಾಡಿಕೊಂಡು ಅಂಚೆ ಕಚೇರಿಗೆ ಹೋಗುತ್ತಿದ್ದೆ.

ಹೋದ ವರ್ಷ ಊರ ದೊಡ್ಡವರಿಗೆ ಆ ಮುಖಗಳಲ್ಲಿ ಕಮ್ಯುನಿಸಂ ಕಂಡಿತು. ಗೋಡೆಗೆ ಬೂದು ಬಣ್ಣ ಬಳಿಸಿದರು. ತಡೆಯಲಾಗದೆ ಕಾರ್ನೀಲಿಯಾಗೆ ಕಾಗದ ಬರೆದೆ. ನಿನ್ನ ಅಮ್ಮ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಕೋಲು. ಎಷ್ಟೋ ಶಾಲೆ, ರೈಲು ನಿಲ್ದಾಣಗಳ ಗೋಡೆ ತುಂಬಿಸಿದವಳಿಗೆ ಯುದ್ಧ ಮುಗಿದ ಮೇಲೆ ಯಾರೂ ಗೋಡೆ ಕೊಡಲಿಲ್ಲವಂತೆ. ಚಿಕಾಗೋದಲ್ಲಿ ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದಳು. ಆ ಹೊತ್ತಿಗೆ ಕಣ್ಣು ಮಂಜಾಗಿ, ದೃಷ್ಟಿಯ ಅಂಚಿನಲ್ಲಷ್ಟೇ ಒಂದಿಷ್ಟು ಕಾಣುತ್ತಿತ್ತು.

ನೆಟ್ಟಗೆ ಅಂಚೆ ಕಚೇರಿಗೆ ಹೋಗಿ ಗೋಡೆ ಸವರತೊಡಗಿದಳು.

"ಅಮ್ಮಾವ್ರೇ, ಎರಡನೇ ಸಲ ಬಳಿದಿದ್ದು ಇನ್ನೂ ಹಸಿಯಾಗಿದೆ. ಕೈಗೆ ಹತ್ತುತ್ತೆ," ಎಂದ ಪೋಸ್ಟ್‌ಮಾಸ್ಟರ್.

"ಕೈಗೆ ಬಣ್ಣ ಹತ್ತಿ ಎಷ್ಟೋ ಕಾಲ ಆಯ್ತಪ್ಪ. ಹತ್ತಲಿ ಬಿಡು," ಎಂದಳು.

ಆ ಬೂದು ಕೈಯನ್ನೇ ಹಿಡಿದು ಮನೆಗೆ ಕರೆತಂದೆ. ಕಾಫಿ, ಏಲಕ್ಕಿ ಬ್ರೆಡ್ ಮುಂದಿಟ್ಟರೆ ಮುಟ್ಟಲಿಲ್ಲ. ನಿನ್ನ ಅಡುಗೆಮನೆ ಗೋಡೆ ಕೊಡು, ಆರ್ವೋನನ್ನು ಮತ್ತೆ ಬರೆದುಕೊಡುತ್ತೇನೆ ಅಂದಳು. ಅವನ ಮೂಗು ಹೇಗಿತ್ತು, ದವಡೆ ಹೇಗಿತ್ತು ಎಂದು ನಾನು ಹೇಳುವುದು, ಅವಳು ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಬರೆಯುವುದು. ಕಣ್ಣು ಬರೆಯುವಾಗ ಮಾತ್ರ ಏನೂ ಕೇಳಲಿಲ್ಲ. ಮುಗಿಸಿ ಕುಂಚ ತೊಳೆಯುತ್ತ ಕೇಳಿದಳು: "ಐಲಿ, ನಿಜ ಹೇಳು. ಇವನು ನಿನ್ನ ಆರ್ವೋನೇ ತಾನೇ?"

"ಅವನೇ ಕಣೇ," ಅಂದೆ.

ಆ ಚಳಿಗಾಲ ನನ್ನಲ್ಲೇ ಉಳಿದಳು. ಹಿಮ ಕರಗುವ ಹೊತ್ತಿಗೆ ಎದೆಗೆ ಶೀತ ಕಟ್ಟಿ ಹೋಗಿಬಿಟ್ಟಳು. ಆರ್ವೋನಿಗೆ ಸಮಾಧಿ ಇಲ್ಲವಲ್ಲ, ಅವನಿಗೆಂದು ಕಾದಿರಿಸಿದ್ದ ಜಾಗದಲ್ಲೇ ಮಲಗಿಸಿದೆವು.

ನಿನ್ನ ಎರಡನೇ ಪ್ರಶ್ನೆಗೆ ಸುಳ್ಳು ಬರೆಯಲಾರೆ. ನಿನ್ನ ಹೆಸರನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಪುಟ್ಟ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಗೋಡೆಗಳ ಬೆನ್ನು ಹತ್ತಿ ಹೊರಟವಳು ಎಂದು ನಿನ್ನ ಕಾಗದದಿಂದಲೇ ನನಗೆ ತಿಳಿದದ್ದು. ಅವಳಿಗೊಬ್ಬ ಮಗಳಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ.

ನಿನ್ನ,
ಐಲಿ

ಮ.ವಿ.: ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ಗೋಡೆಯ ಮೇಲಿನ ಕಣ್ಣು ಆರ್ವೋನದಲ್ಲ. ಅವನವು ಸಣ್ಣವು, ಒಳಕ್ಕೆ ಇಳಿದಂಥವು. ಇವು ಅಗಲ, ಎಡಹುಬ್ಬು ತುಸು ಮೇಲಕ್ಕೆ. ಅವಳ ಮನಸ್ಸು ನೋಯಬಾರದೆಂದು ಅವನೇ ಅಂದಿದ್ದೆ. ನಿನ್ನ ಕಾಗದದ ಜೊತೆ ಬಂದ, ನೀನು ಅವಳ ತೊಡೆಯ ಮೇಲೆ ಕೂತಿರುವ ಹಳೆಯ ಫೋಟೋವನ್ನು ನಿನ್ನೆ ಆ ಗೋಡೆಯ ಪಕ್ಕ ಹಿಡಿದು, ಅದರಲ್ಲಿನ ನಿನ್ನ ಕಣ್ಣುಗಳನ್ನೇ ನೋಡಿದೆ. ಒಮ್ಮೆ ಬಾ ಮಗು. ನೀನೇ ನೋಡು.