ತೊಟ್ಟಿಯ ನೀರಿಗೆ ಮತ್ತೆ ಜೀವ ಬಂತು

ಟಿ. ದಾಸರಹಳ್ಳಿ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರೋ ಅಥವಾ ಬಾಟಲಿ ಹಾಗೇ ಗೋಡೆಯ ಮಾಡದಲ್ಲಿ ಕೂತಿದೆಯೋ? ಅವ್ವನ ಬಿಪಿ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಫೋನಿನಲ್ಲಿ ನಾನು ಒಂದು ಹೇಳಿದರೆ ನಿಮಗೆ ಇನ್ನೊಂದು ಕೇಳಿಸುತ್ತದೆ, ಅದಕ್ಕೇ ಪತ್ರ. ನಾನು ಆರಾಮಾಗಿದ್ದೇನೆ, ಊಟವೂ ಸರಿಯಾಗಿದೆ. ಈ ಮಾತನ್ನು ಅವ್ವನಿಗೆ ಎರಡು ಸಲ ಓದಿ ಹೇಳಿ.

ಹದಿನೈದು ದಿನ ಏಕೆ ಸುದ್ದಿಯಿಲ್ಲ ಎಂದು ಕೇಳಿದ್ದಿರಿ. ನನ್ನ ಕೈಯಿಂದ ಒಂದು ದೊಡ್ಡ ತಪ್ಪಾಯಿತು, ಅಪ್ಪಾ. ನಮ್ಮ ಚರ್ಮದ ಕಾರ್ಖಾನೆಯ ಕೊಳೆ ನೀರನ್ನು ತಿಳಿಗೊಳಿಸುವ ಕೆಲಸ ನನ್ನದೆಂದು ನಿಮಗೆ ಗೊತ್ತಲ್ಲ. ಕ್ರೋಮ್ ಎಂಬ ರಾಸಾಯನಿಕದಲ್ಲಿ ತೊಗಲು ಹದ ಮಾಡಿದ ನೀರನ್ನು ಮೊದಲು ಬೇರೆಯಾಗಿ ಹಿಡಿದು, ಅದರ ವಿಷ ತೆಗೆಯಬೇಕು. ಆಮೇಲೆ ಉಳಿದ ನೀರು ದೊಡ್ಡ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಕೊಳೆಯನ್ನೇ ತಿಂದು ಬದುಕುತ್ತವೆ. ನಾವು ಕೆಳಗಿನಿಂದ ಗಾಳಿ ಊದುತ್ತಿದ್ದರೆ ಸಾಕು. ಒಂದು ಶನಿವಾರ ಪೈಪು ತೊಳೆದವಳು ವಾಲ್ವ್ ಮುಚ್ಚುವುದನ್ನೇ ಮರೆತು ಮನೆಗೆ ಬಂದೆ. ಕ್ರೋಮ್ ನೀರು ನೇರವಾಗಿ ತೊಟ್ಟಿಗೆ ನುಗ್ಗಿತು. ಸೋಮವಾರ ಬಂದು ನೋಡುತ್ತೇನೆ, ಕಂದು ಬಣ್ಣದ ನೀರು ಬೂದಿ ಕಲಸಿದಂತಾಗಿದೆ, ಮೇಲೆ ಬಿಳಿ ನೊರೆ, ಕೊಳೆತ ಮೊಟ್ಟೆಯ ವಾಸನೆ. ಒಂದು ಜೀವಿಯೂ ಉಳಿದಿರಲಿಲ್ಲ. ಎರಡು ವರ್ಷ ಸಾಕಿದ್ದೆ, ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ತೊಗಲು ಹದ ಮಾಡುವ ಡ್ರಮ್ಮುಗಳ ಮೇಸ್ತ್ರಿ ಮುಜಫ್ಫರ್ ಭಾಯ್ ನನ್ನನ್ನು ನೋಡಿ ಹತ್ತಿರ ಬಂದರು. "ಅಳ್ಬೇಡಮ್ಮ. ತಪಾಸಣೆಯೋರು ಬಂದ್ರೆ ಸ್ಯಾಂಪಲ್‌ಗೆ ಬೋರ್ ನೀರು ಬೆರೆಸಿ ಕೊಟ್ಬಿಡು, ಯಾರಿಗ್ ಗೊತ್ತಾಗುತ್ತೆ?" ಎಂದರು. ನನ್ನ ಕೆಲಸ ಉಳಿಯಲಿ ಎಂದೇ ಹೇಳಿದ್ದು. ಒಂದು ಕ್ಷಣ ನನಗೂ ಹೌದೆನಿಸಿತು, ಸುಳ್ಳೇಕೆ ಹೇಳಲಿ? ಆದರೆ ಆ ನೀರು ಮೋರಿ ದಾಟಿ ಯಾವ ಕೆರೆ ಸೇರುತ್ತದೋ ಎಂದುಕೊಂಡಾಗ ಕಾಲುಗಳು ತಾವಾಗಿಯೇ ಆಫೀಸಿನತ್ತ ನಡೆದವು. ಮಾಲೀಕ ಉಪೇಂದ್ರ ಸರ್ ಮುಂದೆ ನಿಂತು, "ತಪ್ಪು ನಂದೇ ಸರ್. ಡ್ರಮ್ ನಿಲ್ಲಿಸ್ಬೇಕು," ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಷ್ಟು ದಿನ?" ಎಂದರು. "ಹತ್ತು ದಿನ ಸರ್." ಅವರು ದಾಸ್ತಾನಿನ ಪುಸ್ತಕ ತೆರೆದು ಲೆಕ್ಕ ನೋಡಿದರು. "ಹದ ಆಗಿರೋ ಮಾಲು ಹತ್ತು ದಿನಕ್ಕೆ ಸಾಲುತ್ತೆ. ಹನ್ನೊಂದನೇ ದಿನ ಡ್ರಮ್ ತಿರುಗದಿದ್ರೆ ಇಲ್ಲಿ ದುಡಿಯೋ ಅರವತ್ತು ಜನಕ್ಕೆ ನೀವೇ ಉತ್ತರ ಹೇಳ್ಬೇಕು," ಎಂದರು.

ಕೆಟ್ಟ ನೀರನ್ನು ಖಾಲಿ ಟ್ಯಾಂಕಿಗೆ ಎತ್ತಿ, ತೊಟ್ಟಿ ತೊಳೆದು, ಹೊಸ ಜೀವಿಗಳಿಗೆ ಬೀಜ ಹಾಕಬೇಕಿತ್ತು. ಬೀಜ ಎಂದರೆ ಹಸಿ ಸಗಣಿ! ಬೆಂಗಳೂರಿನಲ್ಲಿ ಪಿಜ್ಜಾ ಹತ್ತು ನಿಮಿಷಕ್ಕೆ ಬರುತ್ತದೆ, ಸಗಣಿಗೆ ಅರ್ಧ ದಿನ ಅಲೆದೆ. ಕೊನೆಗೆ ಶೆಟ್ಟಿಹಳ್ಳಿಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಆರು ಹಸು ಕಟ್ಟಿರುವ ಶ್ರೀರಾಮಪ್ಪ ಎಂಬ ಹಿರಿಯರು ಸಿಕ್ಕರು. ಚರ್ಮದ ಕಾರ್ಖಾನೆಗೆ ಎಂದು ಕೇಳಿ ಅವರ ಮುಖ ಗಂಟಾಯಿತು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಕೇಳಿಸಿಕೊಂಡು, "ನಾನು ಈಜು ಕಲ್ತ ಕೆರೆ ಈಗ ಎಂಗೈತೆ ನೋಡಿದೀಯೇನಮ್ಮ? ನೀರು ಚೊಕ್ಕ ಆಗ್ತದೆ ಅಂದ್ರೆ ದಿನಾ ಬಂದು ತಗೊಂಡೋಗು," ಎಂದು ತಾವೇ ಡಬ್ಬ ತುಂಬಿಕೊಟ್ಟರು.

ಆಟೋದವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಬೋರ್ ನೀರಿನ ಉಪಾಯ ಹೇಳಿದ್ದ ಮುಜಫ್ಫರ್ ಭಾಯ್ ಅವರೇ ತಮ್ಮ ಸ್ಕೂಟರ್ ತಂದರು. ಜಾಲಹಳ್ಳಿ ಕ್ರಾಸ್ ಹತ್ತಿರ ಟ್ರಾಫಿಕ್ ಪೊಲೀಸ್ ತಡೆದು, "ಏನ್ರೀ ಡಬ್ಬದಲ್ಲಿ? ತೆಗೀರಿ," ಎಂದ. ಭಾಯ್ ಮುಚ್ಚಳ ತೆಗೆದರು. "ಮುಚ್ರೀ, ಮುಚ್ರೀ, ಹೋಗಿ!" ಎಂದು ಮೂಗು ಹಿಡಿದುಕೊಂಡು ಓಡಿಸಿಬಿಟ್ಟ. ನಾನು ಹಿಂದೆ ಕೂತು ನಕ್ಕೂ ನಕ್ಕೂ ಬೀಳುವುದೊಂದು ಬಾಕಿ.

ದಿನವೂ ಸಗಣಿ, ಬೆಲ್ಲದ ನೀರು, ಗಾಳಿ. ಐದು ದಿನ ಏನೂ ಆಗಲಿಲ್ಲ. ಅರವತ್ತು ಜನರ ಮುಖ ನೋಡಲಾಗದೆ ತೊಟ್ಟಿಯ ಹತ್ತಿರವೇ ಊಟ ಮಾಡುತ್ತಿದ್ದೆ. ಏಳನೇ ದಿನ ಬೆಳಿಗ್ಗೆ ನೀರಿನಿಂದ ಉತ್ತ ಹೊಲದ ವಾಸನೆ ಬಂತು! ಮೈಕ್ರೋಸ್ಕೋಪಿನಲ್ಲಿ ಪುಟ್ಟ ಗಂಟೆಯಂಥ ಜೀವಿಗಳು ದಂಟಿನ ಮೇಲೆ ತೂಗಾಡುತ್ತಿದ್ದವು. ಎಲ್ಲರನ್ನೂ ಕರೆದು ತೋರಿಸಿದೆ. ಮುಜಫ್ಫರ್ ಭಾಯ್ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಇಷ್ಟೇ ಇಷ್ಟು ಇದಾವೆ! ಇವಕ್ಕೋಸ್ಕರ ನನ್ ಹೊಸ ಶರ್ಟು ಸಗಣಿ ಪಾಲಾಯ್ತು," ಎಂದರು. ಹತ್ತನೇ ದಿನ ಲ್ಯಾಬಿನಿಂದ ವರದಿ ಬಂತು, ಎಲ್ಲವೂ ಮಿತಿಯೊಳಗೆ. ಹನ್ನೊಂದನೇ ದಿನ ಡ್ರಮ್ ತಿರುಗಿತು. ಉಪೇಂದ್ರ ಸರ್ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ವಾಲ್ವ್ ತೆರೆದಿದ್ದರೆ ಕೂಗುವ ಗಂಟೆಯೊಂದನ್ನು ಹಾಕಿಸಿ, "ಇನ್ಮೇಲೆ ಮರೆಯೋ ಹಾಗೇ ಇಲ್ಲ," ಎಂದರು ಅಷ್ಟೆ.

ಅವ್ವನ ಕಾಲಿಗೆ ನನ್ನ ನಮಸ್ಕಾರ. ತಮ್ಮ ಶಿವಪುತ್ರ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ನಂಬಿದ್ದೇನೆ, ಹಾಗೆಂದು ಅವನಿಗೆ ತಿಳಿಸಿ. ಬಿಸಿಲಿನಲ್ಲಿ ತಿರುಗಬೇಡಿ.

ನಿಮ್ಮ ಮಗಳು,
ದಾಕ್ಷಾಯಣಿ

ತಾ.ಕ.: ಅಂಚೆ ಪೆಟ್ಟಿಗೆಗೆ ಹೊರಟವಳು ಮತ್ತೆ ಕೂತು ಬರೆಯುತ್ತಿದ್ದೇನೆ. ಕ್ರೋಮ್ ಇಲ್ಲದೆ ಜಾಲಿ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ಗಿರಾಕಿಗಳು ಕೇಳುತ್ತಿದ್ದಾರಂತೆ. ಆ ಕೆಲಸ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಉಪೇಂದ್ರ ಸರ್ ನಿನ್ನೆ ಕೇಳಿದರು. ನಾನು ನಿಮ್ಮ ಹೆಸರು ಹೇಳಿದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ತೊಗಲು ನೆನೆಸುವ ನಮ್ಮ ಕುಣಿಗಳ ನೀರು ಊರ ಬಾವಿಗಿಳಿಯುತ್ತಿದೆ ಎಂದು ತಿಳಿದು ನೀವು, "ನಮ್ಮ ಹೊಟ್ಟಿ ತುಂಬಾಕ ಮಂದಿ ಬಾವಿ ಕೆಡಸೂದು ಬ್ಯಾಡ," ಎಂದು ನಮ್ಮ ಹದದ ಕುಣಿಗಳನ್ನು ನಿಮ್ಮ ಕೈಯಾರೆ ಮಣ್ಣು ಹಾಕಿ ಮುಚ್ಚಿದಿರಿ. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ಕೊಳೆ ನೀರು ತಿಳಿಗೊಳಿಸುವ ಈ ಓದು ನಾನು ಓದಿದ್ದು ಅದಕ್ಕೇ ಅಪ್ಪಾ, ಇದುವರೆಗೂ ಹೇಳಿರಲಿಲ್ಲ. ಇಲ್ಲಿ ಮೂರು ಕುಣಿ ತೋಡಿಸುತ್ತಾರೆ. ಎರಡು ತಿಂಗಳು ಬಂದು ಕೆಲಸಗಾರರಿಗೆ ಕಲಿಸಿಕೊಡಿ. ಆ ನೀರಿನ ಚಿಂತೆ ನಿಮಗೆ ಬೇಡ, ಅದು ನನ್ನ ಪಾಲಿಗಿರಲಿ. ಬರುತ್ತಾರೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ, ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ.